ಅಂಗಳದ ಬೋರ್ಡು ನೋಡಿ ಹೆದರಬೇಡಿ

ಅಮೆರಿಕದ ಕ್ಯಾರಿ ಊರಿಗೆ ಬಂದು ಎರಡು ತಿಂಗಳಾಯ್ತು, ಪಕ್ಕದ ಮನೆಯವರು ಹುಲ್ಲಿನ ಮೇಲೆ ಚುನಾವಣೆಯ ಬೋರ್ಡು ನೆಟ್ಟಿದ್ದಾರೆ, ಟಿವಿ ನೋಡಿದರೆ ಇಲ್ಲಿನವರು ಪಕ್ಷಕ್ಕಾಗಿ ಹೊಡೆದಾಡುವ ಹಾಗಿದೆ, ಅವರನ್ನು ಮಾತಾಡಿಸಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾತಾಡಿಸಿ. ನಾನು ಈ ನಾರ್ತ್ ಕ್ಯಾರೊಲಿನಾ ರಾಜ್ಯಕ್ಕೆ ಬಂದು 18 ವರ್ಷ ಆಯ್ತು.

ದ್ವೇಷ ಇಲ್ಲ ಅಂತ ಹೇಳುತ್ತಿಲ್ಲ. ಮಕ್ಕಳು ಎದುರು ಪಕ್ಷದವರನ್ನು ಮದುವೆಯಾದರೆ ಬೇಸರ ಅಂತ 1960ರ ಸಮೀಕ್ಷೆಯಲ್ಲಿ ಹೇಳಿದವರು ನೂರಕ್ಕೆ ನಾಲ್ಕೈದು ಜನ. 2010ರ ಹೊತ್ತಿಗೆ ರಿಪಬ್ಲಿಕನ್ನರಲ್ಲಿ ಹತ್ತಿರ ಹತ್ತಿರ ಅರ್ಧ, ಡೆಮಾಕ್ರಾಟರಲ್ಲಿ ಮೂರರಲ್ಲೊಬ್ಬರು. ನಮ್ಮಲ್ಲಿ ಜಾತಿ ಕೇಳಿದ ಹಾಗೆ, ಅಲ್ವಾ?

ಆದರೆ ಆ ದ್ವೇಷ ಬೆಳೆಯುವ ಜಾಗ ನೋಡಿ. 2020ರ ಅಧ್ಯಕ್ಷರ ಚುನಾವಣೆಯಲ್ಲಿ ನಿಮ್ಮ ವೇಕ್ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ) ಡೆಮಾಕ್ರಾಟರ ಬೈಡನ್‌ಗೆ ನೂರಕ್ಕೆ 60ಕ್ಕೂ ಜಾಸ್ತಿ ಮತ ಬಿತ್ತು. ಪಕ್ಕದ ಜಾನ್‌ಸ್ಟನ್ ಕೌಂಟಿಯಲ್ಲಿ ರಿಪಬ್ಲಿಕನ್ನರ ಟ್ರಂಪ್‌ಗೂ ಹಾಗೇ. ನಾನು ಮೊದಲು ಕ್ಯಾರಿಯಲ್ಲಿದ್ದೆ. ಆಮೇಲೆ ಮನೆ ಅಗ್ಗ ಅಂತ ಅರ್ಧ ಗಂಟೆ ದೂರದ, ಜಾನ್‌ಸ್ಟನ್‌ಗೆ ಸೇರಿದ ಕ್ಲೇಟನ್‌ಗೆ ಹೋದೆ. ಕ್ಯಾರಿಯಲ್ಲಿ ಊಟಕ್ಕೆ ಕೂತಾಗ 'ಆ ಕಡೆಯವರ' ಬಗ್ಗೆ ಏನಂದರೂ ನಡೆಯುತ್ತಿತ್ತು. ಸುತ್ತ ಇದ್ದವರೆಲ್ಲ ತಲೆ ಆಡಿಸುವವರೇ. ಕ್ಲೇಟನ್‌ನಲ್ಲೂ ಅದೇ ಕಥೆ, ಉಲ್ಟಾ. ಎರಡೂ ಪಕ್ಷದವರು ಕಲೆತಿದ್ದು ನಾನು ಕಂಡದ್ದು ಮಗಳ ಸಾಕರ್ ತಂಡದಲ್ಲಿ ಮಾತ್ರ. ಅಲ್ಲಿ ಯಾರೂ ಪಕ್ಷದ ಮಾತು ಎತ್ತುತ್ತಿರಲಿಲ್ಲ. ಎಲ್ಲರೂ ದೇವರಂಥವರು ಅಂದುಕೊಳ್ಳಬೇಡಿ. ಶನಿವಾರ ಮಕ್ಕಳನ್ನು ಮೈದಾನಕ್ಕೆ ಬಿಡೋಕೆ ಒಬ್ಬರ ಕಾರು ಇನ್ನೊಬ್ಬರಿಗೆ ಬೇಕಿತ್ತು, ಅಷ್ಟೇ.

ನಿಜ ಹೇಳಬೇಕಂದ್ರೆ, ರಾಜಕೀಯಕ್ಕಾಗಿ ನಾನು ಇಲ್ಲಿ ಬೈಸಿಕೊಂಡದ್ದು ಕನ್ನಡದಲ್ಲೇ. 2023ರ ಮೇನಲ್ಲಿ ಕರ್ನಾಟಕದ ಮತ ಎಣಿಕೆ ಶುರುವಾದಾಗ ಇಲ್ಲಿ ಶುಕ್ರವಾರ ರಾತ್ರಿ ಹತ್ತೂವರೆ. ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಯಾರಿಗೂ ನಿದ್ದೆ ಇಲ್ಲ. ನಾನು ಸುಮ್ನೆ ಒಂದು ಸಾಲು ಬರೆದೆ. ಯಾವತ್ತೂ ಬಹುವಚನ ಬಿಡದ ಒಬ್ಬರು ಏಕವಚನಕ್ಕೇ ಇಳಿದುಬಿಟ್ಟರು. ಬೆಳಗಿನ ಜಾವದವರೆಗೆ ಬೈದರು.

ಎರಡು ವಾರ ಬಿಟ್ಟು ಒಂದು ಗೃಹಪ್ರವೇಶ. ಬಿಸಿಬೇಳೆಭಾತಿನ ಪಾತ್ರೆ ಹಿಂದೆ ಸೌಟು ಹಿಡಿದು ಅವರೇ ನಿಂತಿದ್ದರು. ಒಂದು ಕ್ಷಣ ಇಬ್ಬರೂ ಪಾತ್ರೆ ನೋಡಿದೆವು. ಆಮೇಲೆ ಮೆತ್ತಗೆ, "ಖಾರಾಬೂಂದಿ ಹಾಕ್ಲಾ ಸಾರ್?" ಅಂದರು. ಗುಂಪಿನಲ್ಲಿ ಇನ್ನೂರು ಜನ ನೋಡುತ್ತಿದ್ದರು. ಇಲ್ಲಿ ಎದುರಿಗಿದ್ದದ್ದು ನನ್ನ ತಟ್ಟೆ ಒಂದೇ. ಇವತ್ತಿಗೂ ಗುಂಪಿನಲ್ಲಿ ಅವರು ಹಾಗೇ ಇದ್ದಾರೆ, ಸಿಕ್ಕಾಗ ಹೀಗೇ.

ನೀವು ಪಕ್ಕದ ಮನೆಯವರ ಹತ್ತಿರ ಬೋರ್ಡು ಬಿಟ್ಟು ಅದರ ಕೆಳಗಿನ ಹುಲ್ಲಿನ ವಿಷಯ ಕೇಳಿ. ಇಲ್ಲಿ ಫೆಸ್ಕ್ಯೂ ಹುಲ್ಲಿನ ಬೀಜ ಸೆಪ್ಟೆಂಬರ್‌ನಲ್ಲಿ ಹಾಕಬೇಕು. ಬೀಜ ಚೆಲ್ಲುವ ತಳ್ಳುಗಾಡಿ ಅವರ ಗ್ಯಾರೇಜಿನಲ್ಲಿ ಇದ್ದೇ ಇರುತ್ತದೆ, ದುಡ್ಡು ಕೊಟ್ಟು ತರಬೇಡಿ.