ಗಡ್ಡೆ ಇಲ್ಲದ ಕಡೆ ಗಡ್ಡೆ ಕಾಣುತ್ತಿದೆ: ವಿಎನ್‌ಎ ಕೆಟ್ಟಿದೆಯೇ?

ನಿಮ್ಮ ಪ್ರಶ್ನೆ ಇಷ್ಟು: ಮೈಕ್ರೋವೇವ್ ಅಲೆಗಳಿಂದ ಸ್ತನದ ಗಡ್ಡೆ ಹುಡುಕುವ ಪ್ರಯೋಗಕ್ಕೆ ಹುಬ್ಬಳ್ಳಿಯ ಕಾಲೇಜ್ ಲ್ಯಾಬಿನಲ್ಲಿ ಸೂರ್ಯಕಾಂತಿ ಎಣ್ಣೆಯ ತೊಟ್ಟಿಯೊಳಗೆ ಸ್ತನದ ಫ್ಯಾಂಟಮ್ (ಅಂಗಾಂಶದಂತೆ ವರ್ತಿಸುವ ಕೃತಕ ಮಾದರಿ) ಇಟ್ಟು, ವಿಎನ್‌ಎಯಿಂದ (ವೆಕ್ಟರ್ ನೆಟ್‌ವರ್ಕ್ ಅನಲೈಸರ್, ಅಲೆ ಕಳಿಸಿ ಮರಳಿ ಬಂದದ್ದನ್ನು ಅಳೆಯುವ ಉಪಕರಣ) 2ರಿಂದ 8 ಗಿಗಾಹರ್ಟ್ಸ್‌ವರೆಗೆ ಅಳೆಯುತ್ತಿದ್ದೀರಿ. ಬೆಳಿಗ್ಗೆ ಗಡ್ಡೆ ಇಲ್ಲದ ಅಳತೆ, ಮಧ್ಯಾಹ್ನ ಗಡ್ಡೆ ಇರುವ ಅಳತೆ. ಎರಡನ್ನೂ ಕಳೆದರೆ ಎಲ್ಲೆಂದರಲ್ಲಿ ಚುಕ್ಕೆಗಳು.

ವಿಎನ್‌ಎ ಕೆಟ್ಟಿರಲಿಕ್ಕಿಲ್ಲ. ಮೊದಲು ಒಂದು ಪರೀಕ್ಷೆ ಮಾಡಿ. ಉಪಕರಣ ಆನ್ ಮಾಡಿ ಒಂದು ತಾಸು ಬಿಡಿ. ಆಮೇಲೆ ಕೇಬಲ್ಲಿನ ತುದಿಯಲ್ಲಿ ಶಾರ್ಟ್, ಓಪನ್, ಲೋಡ್, ಥ್ರೂ ಎಂಬ ಗೊತ್ತಿರುವ ಮಾನಕ ತುಂಡುಗಳನ್ನು ಹಾಕಿ ಕ್ಯಾಲಿಬ್ರೇಶನ್ ಮುಗಿಸಿ, ಆಂಟೆನಾ ಜೋಡಿಸಿ. ಇನ್ನು ಏನನ್ನೂ ಮುಟ್ಟದೆ ಹತ್ತು ನಿಮಿಷಕ್ಕೊಮ್ಮೆ ಒಂದು ತಾಸು ಅಳೆಯಿರಿ. ಪ್ರತಿ ಅಳತೆಯಿಂದಲೂ ಮೊದಲನೆಯದನ್ನು ಕಳೆಯಿರಿ. ಉಳಿಯುವುದೇ ನಿಮ್ಮ ವ್ಯವಸ್ಥೆಯ ನಿಜವಾದ ತಳ, ಅದಕ್ಕಿಂತ ಸಣ್ಣ ಸಂಕೇತ ಕಾಣದು. ಡೇಟಾಶೀಟಿನ ಡೈನಾಮಿಕ್ ರೇಂಜ್ (ಅಳೆಯಬಲ್ಲ ಅತಿ ದೊಡ್ಡ, ಅತಿ ಸಣ್ಣ ಸಂಕೇತಗಳ ಅಂತರ) ಅಂಕಿ ಇಲ್ಲಿ ಕೆಲಸಕ್ಕೆ ಬಾರದು. ಫೇಸ್ (ಅಲೆಯ ಏರಿಳಿತದ ಹಂತ) 1 ಡಿಗ್ರಿ ಜಾರಿದರೂ ಕಳೆದ ಮೇಲೆ ಮೂಲ ಸಂಕೇತಕ್ಕೆ ಹೋಲಿಸಿದರೆ ಮೈನಸ್ 35 ಡಿಬಿ (ಡೆಸಿಬೆಲ್, ಮೈನಸ್ ಹೆಚ್ಚಿದಷ್ಟೂ ಸಣ್ಣದು) ಉಳಿಯುತ್ತದೆ. ಗಡ್ಡೆಯ ಪ್ರತಿಧ್ವನಿ ಚರ್ಮದ್ದಕ್ಕಿಂತ ಸಾಮಾನ್ಯವಾಗಿ 30 ಡಿಬಿಗೂ ಕೆಳಗಿರುತ್ತದೆ, ಅಂದರೆ ಅದು ಇದರಲ್ಲಿ ಮುಳುಗಿಹೋಗಬಹುದು.

ಜಾರುವುದಕ್ಕೆ ನಿಮ್ಮಲ್ಲಿ ಒಂದು ವಿಶೇಷ ಕಾರಣವಿರಬಹುದು. ಕೇಬಲ್ಲಿನೊಳಗಿನ ಟೆಫ್ಲಾನ್ ಸುಮಾರು 19 ಡಿಗ್ರಿ ಸೆಲ್ಸಿಯಸ್ ಹತ್ತಿರ ತನ್ನ ಹರಳಿನ ರಚನೆ ಬದಲಿಸುತ್ತದೆ, ಅಲ್ಲಿ ಫೇಸ್ ಬೇರೆಡೆಗಿಂತ ಜೋರಾಗಿ ಜಾರುತ್ತದೆ. ಹುಬ್ಬಳ್ಳಿ-ಧಾರವಾಡದ ಚಳಿಗಾಲದಲ್ಲಿ ಲ್ಯಾಬು ಬೆಳಿಗ್ಗೆ ಆ ಅಂಕಿಗಿಂತ ಕೆಳಗಿದ್ದು ಮಧ್ಯಾಹ್ನ ದಾಟಿಬಿಡುವುದು ಸಹಜ. ಕೇಬಲ್ ಪಕ್ಕ ಒಂದು ಥರ್ಮಾಮೀಟರ್ ಕಟ್ಟಿ, ಪ್ರತಿ ಅಳತೆಯ ಜೊತೆ ಉಷ್ಣತೆ ಬರೆದಿಡಿ. ಎರಡೂ ಅಳತೆ ಹತ್ತು ನಿಮಿಷದೊಳಗೆ ಮುಗಿಯಲಿ. ಕರೆಂಟ್ ಹೋಗಿ ಬಂದರೆ ಉಪಕರಣವನ್ನು ಒಂದು ತಾಸು ಆನ್ ಮಾಡಿ ಬಿಡುವುದು, ಕ್ಯಾಲಿಬ್ರೇಶನ್ ಎಲ್ಲ ಮೊದಲಿಂದ. ಬೇಜಾರಾದರೂ ಬೇರೆ ದಾರಿಯಿಲ್ಲ.

ಎಸ್‌ಎಂಎ (ಕೇಬಲ್ ತುದಿಯ ತಿರುಪಿನ ಕನೆಕ್ಟರ್) ಬಿಗಿಯುವಾಗ ನಟ್ಟನ್ನು ಮಾತ್ರ ತಿರುಗಿಸಿ, ಕೇಬಲ್ ತಿರುಗಬಾರದು. ಹಿತ್ತಾಳೆಯದಕ್ಕೆ ಸುಮಾರು 0.56 ನ್ಯೂಟನ್ ಮೀಟರ್ ಟಾರ್ಕ್ ಸ್ಪ್ಯಾನರ್, ಕೈಯಂದಾಜು ಸಾಲದು. ವಿಎನ್‌ಎಯ ಐಎಫ್ ಬ್ಯಾಂಡ್‌ವಿಡ್ತ್ (ಒಳಗಿನ ಫಿಲ್ಟರಿನ ಅಗಲ) 1 ಕಿಲೋಹರ್ಟ್ಸ್‌ನಿಂದ 100 ಹರ್ಟ್ಸ್‌ಗೆ ಇಳಿಸಿದರೆ ನಾಯ್ಸ್ 10 ಡಿಬಿ ತಗ್ಗುತ್ತದೆ, ಆದರೆ ಸ್ವೀಪ್ (ಎಲ್ಲ ಫ್ರೀಕ್ವೆನ್ಸಿಗಳನ್ನು ಒಮ್ಮೆ ಅಳೆದು ಮುಗಿಸುವುದು) ಸುಮಾರು ಹತ್ತು ಪಟ್ಟು ನಿಧಾನ. ಜಾರುವಿಕೆಗೆ ಅದು ಮದ್ದಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು, ಗಡ್ಡೆ ಇಡಲು ಫ್ಯಾಂಟಮ್ಮನ್ನೇ ಎತ್ತಿ ಮತ್ತೆ ಇಡುವುದು. 6 ಗಿಗಾಹರ್ಟ್ಸ್ ಅಲೆಯ ಉದ್ದ ಗಾಳಿಯಲ್ಲಿ 50 ಮಿ.ಮೀ., ಎಣ್ಣೆಯಲ್ಲಿ ಸುಮಾರು 32. ಚರ್ಮ ಆಂಟೆನಾ ಕಡೆಗೆ 1 ಮಿ.ಮೀ. ಸರಿದರೆ ಹೋಗಿಬರುವ ದಾರಿಯಲ್ಲಿ 23 ಡಿಗ್ರಿ ವ್ಯತ್ಯಾಸ. ಕಳೆದ ಮೇಲೂ ಚರ್ಮದ ಪ್ರತಿಫಲನದ ಶೇ. 40ರಷ್ಟು ಉಳಿಯಿತು! 0.1 ಮಿ.ಮೀ. ಸರಿದರೂ ಮೈನಸ್ 28 ಡಿಬಿ. ಆದ್ದರಿಂದ ಫ್ಯಾಂಟಮ್ ಎರಕ ಹೊಯ್ಯುವಾಗಲೇ ಮೇಲಿನಿಂದ ಒಂದು ತೂತು ಬಿಡಿ. ಮೊದಲ ಅಳತೆಗೆ ಅದರಲ್ಲಿ ಕೊಬ್ಬಿನ ಮಿಶ್ರಣದ್ದೇ ಬೆಣೆ, ಎರಡನೆಯದಕ್ಕೆ ಗಡ್ಡೆಯ ಬೆಣೆ. ಆಂಟೆನಾ ತೋಳು ತಿರುಗುವುದಾದರೆ ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲಿಸಿ, ಆಗ ಗೇರಿನ ಸಡಿಲು ಲೆಕ್ಕಕ್ಕೆ ಬರುವುದಿಲ್ಲ. ಆಂಟೆನಾ ಮೇಲೆ ಗಾಳಿಗುಳ್ಳೆ ಕೂತಿದೆಯೇ ಟಾರ್ಚ್ ಹಾಕಿ ನೋಡಿ.

ಜೆಲಟಿನ್ ಫ್ಯಾಂಟಮ್ ಒಣಗಿದಂತೆ ನೀರಿನಂಶ ಇಳಿದು ಪರ್ಮಿಟಿವಿಟಿಯೂ (ವಸ್ತುವಿನೊಳಗೆ ಅಲೆಯ ವೇಗ, ಪ್ರತಿಫಲನಗಳನ್ನು ನಿರ್ಧರಿಸುವ ವಿದ್ಯುತ್ ಗುಣ) ಇಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಸುತ್ತಿ ಫ್ರಿಜ್‌ನಲ್ಲಿಡಿ, ಅಳೆಯುವ ಮುನ್ನ ಕೋಣೆಯ ಉಷ್ಣತೆಗೆ ತನ್ನಿ. ಪರ್ಮಿಟಿವಿಟಿ ಅಳೆಯುವ ಡೈಎಲೆಕ್ಟ್ರಿಕ್ ಪ್ರೋಬ್ ತಾಳೆ ನೋಡಲು ಬೋರ್‌ವೆಲ್ ನೀರಾಗಲಿ ನಲ್ಲಿಯ ಮಲಪ್ರಭೆ ನೀರಾಗಲಿ ಬೇಡ, ಅದರಲ್ಲಿನ ಲವಣ ಎಷ್ಟೆಂದು ಗೊತ್ತಿರುವುದಿಲ್ಲ. ಡಿಸ್ಟಿಲ್ಡ್ ನೀರಿನ ಸ್ಟ್ಯಾಟಿಕ್ (ಅತಿ ಕಡಿಮೆ ಫ್ರೀಕ್ವೆನ್ಸಿಯ) ಪರ್ಮಿಟಿವಿಟಿ 20 ಡಿಗ್ರಿಯಲ್ಲಿ 80.1, 25ರಲ್ಲಿ 78.3. ಆ ನೀರಿಗೆ ಲೀಟರಿಗೆ 5.84 ಗ್ರಾಂ ಶುದ್ಧ ಉಪ್ಪು ಬೆರೆಸಿದರೆ 0.1 ಮೋಲಾರ್ ದ್ರಾವಣ. ಎರಡನೇ ತಾಳೆಗೆ ಅದು ಸಾಕು.

ಇನ್ನೊಂದು ಮಾತು: ರೋಗಿಯ ವಿಷಯದಲ್ಲಿ 'ಗಡ್ಡೆ ಇಲ್ಲದಾಗಿನ' ಅಳತೆ ಸಿಗುವುದಿಲ್ಲ. ಮೇಲಿನ ಪರೀಕ್ಷೆ ಪಾಸಾದ ಕೂಡಲೇ ತೋಳನ್ನು ಕೆಲವು ಡಿಗ್ರಿ ತಿರುಗಿಸಿ ಪಡೆದ ಎರಡು ಅಳತೆ ಕಳೆಯುವ ವಿಧಾನಕ್ಕೆ ಹೋಗಿ.