ಹಳೆ ಸರ್ವರ್ ಬದಲಿಸುವ ಮುನ್ನ

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮ ರೈಸ್ ಮಿಲ್ ಇದೆ. ಆಫೀಸಿನ 18 ಕಂಪ್ಯೂಟರ್‌ಗಳೂ ವಿಂಡೋಸ್ ಸ್ಮಾಲ್ ಬಿಸಿನೆಸ್ ಸರ್ವರ್ 2011 ಸ್ಟ್ಯಾಂಡರ್ಡ್‌ಗೆ ಸೇರಿವೆ. ಸರ್ವರ್ 2022 ಹಾಕಿದ ಹೊಸ ಮಷಿನ್ನನ್ನು ಡೊಮೈನ್ ಕಂಟ್ರೋಲರ್ (ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್) ಮಾಡಲು ಹೋದರೆ, ಡೊಮೈನ್ ಇನ್ನೂ ಎಫ್‌ಆರ್‌ಎಸ್ ಬಳಸುತ್ತಿದೆ ಎಂದು ನಿಂತುಬಿಡುತ್ತದೆ. ಹೊಸದರಲ್ಲೇ ದೋಷವೇ?

ಉತ್ತರ: ಹೊಸದರಲ್ಲಿ ಏನೂ ಇಲ್ಲ, ಕೆಲಸ ಇರುವುದು ಹಳೆಯದರಲ್ಲಿ. ಗ್ರೂಪ್ ಪಾಲಿಸಿ, ಲಾಗಿನ್ ಸ್ಕ್ರಿಪ್ಟ್ ಇರುವ ಸಿಸ್‌ವಾಲ್ ಫೋಲ್ಡರನ್ನು ಅದು ಎಫ್‌ಆರ್‌ಎಸ್ (ಡೊಮೈನ್ ಕಂಟ್ರೋಲರ್‌ಗಳ ನಡುವೆ ಫೈಲ್ ನಕಲಿಸುವ ಹಳೆ ಸರ್ವಿಸ್) ಮೂಲಕ ನೋಡಿಕೊಳ್ಳುತ್ತಿದೆ. ಸರ್ವರ್ 2019, 2022 ಅದನ್ನು ಒಪ್ಪುವುದಿಲ್ಲ, ಅದರ ಜಾಗಕ್ಕೆ ಬಂದ ಡಿಎಫ್‌ಎಸ್‌ಆರ್‌ಗೆ ಬದಲಿಸಲೇಬೇಕು.

ಹೊಸ ಮಷಿನ್ ಸದ್ಯ ಬದಿಗಿಡಿ. ಸಿಸ್ಟಮ್ ಸ್ಟೇಟ್ (ಸರ್ವರ್‌ನ ಒಳ ಸೆಟ್ಟಿಂಗ್‌ಗಳು, ಬಳಕೆದಾರರ ಪಟ್ಟಿ) ಸೇರಿದ ಪೂರ್ತಿ ಬ್ಯಾಕಪ್ ಎರಡು ಯುಎಸ್‌ಬಿ ಡಿಸ್ಕಿಗೆ ತೆಗೆದು, ಒಂದನ್ನು ಮಿಲ್ಲಿನಿಂದ ಹೊರಗಿಡಿ. ಸಿಸ್‌ವಾಲ್ ಫೋಲ್ಡರ್‌ನ ಬೇರೆ ಪ್ರತಿಯೂ ಇರಲಿ. ಸರ್ವರ್‌ನ ಡಿಎನ್‌ಎಸ್ ತನ್ನನ್ನೇ ತೋರಿಸಬೇಕು, ರೂಟರನ್ನಲ್ಲ. ಆಮೇಲೆ ಡೊಮೈನ್ ಕಂಟ್ರೋಲರ್ ಸರಿಯಿದೆಯೇ ಎಂದು ನೋಡುವ ‘ಡಿಸಿಡಯಾಗ್’ ಕಮಾಂಡ್ ಓಡಿಸಿ.

ಈಗ ಇವೆಂಟ್ ವ್ಯೂವರ್‌ನ ಫೈಲ್ ರೆಪ್ಲಿಕೇಶನ್ ಲಾಗ್ ತೆರೆಯಿರಿ. 13568 ಸಂಖ್ಯೆಯ ಸಂದೇಶ ಕಂಡರೆ ಅದು ಜರ್ನಲ್ ರ್‍ಯಾಪ್, ಅಂದರೆ ಡಿಸ್ಕಿನ ಬದಲಾವಣೆಗಳ ದಾಖಲೆಯ ಜಾಡು ಎಫ್‌ಆರ್‌ಎಸ್‌ಗೆ ತಪ್ಪಿದೆ. ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು ಸರ್ವರ್ ದಿಢೀರ್ ಆರಿದಲ್ಲಿ ಇದು ಸಿಗಬಹುದು. ಇಲ್ಲೇ ಮೋಸ ಹೋಗುವುದು: ರಿಜಿಸ್ಟ್ರಿಯಲ್ಲಿ ‘ಎನೇಬಲ್ ಜರ್ನಲ್ ರ್‍ಯಾಪ್ ಆಟೊಮ್ಯಾಟಿಕ್ ರಿಸ್ಟೋರ್’ ಅನ್ನು 1 ಮಾಡಿ ಎಂದು ಆ ಸಂದೇಶವೇ ಹೇಳುತ್ತದೆ. ಮಾಡಬೇಡಿ. ಹಾಗೆ ಮಾಡಿದರೆ ಸರ್ವರ್ ಸಿಸ್‌ವಾಲ್‌ನಲ್ಲಿ ಇದ್ದ ಫೈಲುಗಳನ್ನು ಬದಿಗೆ ಸರಿಸಿ, ಇನ್ನೊಂದು ಡೊಮೈನ್ ಕಂಟ್ರೋಲರ್‌ನಿಂದ ತರಲು ಕಾಯುತ್ತದೆ. ನಿಮ್ಮಲ್ಲಿ ಇರುವುದೇ ಒಂದು. ಅದರ ಬದಲು ಎಫ್‌ಆರ್‌ಎಸ್ ಸರ್ವಿಸ್ ನಿಲ್ಲಿಸಿ, ರಿಜಿಸ್ಟ್ರಿಯಲ್ಲಿ ಅದರ ‘ಪ್ರೊಸೆಸ್ ಅಟ್ ಸ್ಟಾರ್ಟಪ್’ ಕೀಯಲ್ಲಿ ‘ಬರ್‌ಫ್ಲ್ಯಾಗ್ಸ್’ಗೆ ಹೆಕ್ಸಾಡೆಸಿಮಲ್ ಡಿ4 ಕೊಟ್ಟು ಮತ್ತೆ ಶುರುಮಾಡಿ. ಅದೇ ಲಾಗಿನಲ್ಲಿ 13516 ಬಂದರೆ ಸರಿಯಾಯಿತು.

ಡೊಮೈನ್ ಫಂಕ್ಷನಲ್ ಲೆವೆಲ್ (ಡೊಮೈನ್ ಯಾವ ವಿಂಡೋಸ್ ಸರ್ವರ್ ಆವೃತ್ತಿಯ ಮಟ್ಟದಲ್ಲಿದೆ ಎಂಬುದು) 2003 ಇದ್ದರೆ 2008 ಆರ್2ಗೆ ಏರಿಸಿ. ನಂತರ ಡಿಎಫ್‌ಎಸ್‌ಆರ್‌ಗೆ ಹಂತಹಂತವಾಗಿ ಬದಲಿಸುವ ಕಮಾಂಡ್ ‘ಡಿಎಫ್‌ಎಸ್‌ಆರ್‌ಮಿಗ್ /ಸೆಟ್‌ಗ್ಲೋಬಲ್‌ಸ್ಟೇಟ್ 1’, ಆಮೇಲೆ 2, ಕೊನೆಗೆ 3. ಪ್ರತಿ ಸಲ ‘/ಗೆಟ್‌ಮೈಗ್ರೇಶನ್‌ಸ್ಟೇಟ್’ ಕೇಳಿ, ಮುಗಿಯಿತು ಎಂದ ಮೇಲೆಯೇ ಮುಂದಿನದು. 3 ಆದ ಮೇಲೆ ಹಿಂದಕ್ಕೆ ಬರಲಾಗದು, 2ರಲ್ಲಿ ಒಂದೆರಡು ದಿನ ಇಟ್ಟು ನೋಡುವುದು ಒಳ್ಳೆಯದು.

ಈಗ ಹೊಸ ಮಷಿನ್ನನ್ನು ಡೊಮೈನ್ ಕಂಟ್ರೋಲರ್ ಮಾಡಿ. ಐದು ಎಫ್‌ಎಸ್‌ಎಂಒ ರೋಲ್‌ಗಳನ್ನು, ಅಂದರೆ ಡೊಮೈನ್‌ನ ಮುಖ್ಯ ಹೊಣೆಗಳನ್ನು, ಹೊಸದಕ್ಕೆ ಕೊಟ್ಟ ದಿನದಿಂದ ಹಳೆಯದಕ್ಕೆ 21 ದಿನಗಳ ಗಡುವು. ಆಮೇಲೆ ತಾನೇ ಆಫ್ ಆಗತೊಡಗುತ್ತದೆ. ಮೇಲ್ ಬೇರೆ ಕಡೆ ಇದ್ದರೂ ಹಳೆಯದರ ಮೇಲ್ ಸಾಫ್ಟ್‌ವೇರ್ ಎಕ್ಸ್‌ಚೇಂಜ್ 2010 ಒಳಗೆ ಕೂತೇ ಇರುತ್ತದೆ. ಅದನ್ನೂ ಸರ್ಟಿಫಿಕೇಟ್ ಸರ್ವಿಸಸ್ಸನ್ನೂ ಕ್ರಮವಾಗಿ ಅನ್‌ಇನ್‌ಸ್ಟಾಲ್ ಮಾಡಿದ ಮೇಲೆಯೇ ‘ಡಿಸಿಪ್ರೊಮೊ’ ಕಮಾಂಡಿನಿಂದ ಹಳೆಯದನ್ನು ಡೊಮೈನ್ ಕಂಟ್ರೋಲರ್ ಸ್ಥಾನದಿಂದ ಇಳಿಸಿ. ನೇರವಾಗಿ ಪವರ್ ಕಿತ್ತರೆ ಅದರ ಗುರುತುಗಳು ಡೊಮೈನ್‌ನ ದಾಖಲೆಯಾದ ಆಕ್ಟಿವ್ ಡೈರೆಕ್ಟರಿಯಲ್ಲಿ ಉಳಿದು ಕಾಡುತ್ತವೆ. ಹಳೆ ಸಿಎಎಲ್ (ಸರ್ವರ್ ಬಳಸಲು ಬೇಕಾದ ಲೈಸೆನ್ಸ್) ಹೊಸದಕ್ಕೆ ನಡೆಯದು, 2022ರದ್ದೋ ಅದಕ್ಕಿಂತ ಹೊಸದೋ ಕೊಳ್ಳಬೇಕು.

ಪ್ರಶ್ನೆ: ರಾಯಚೂರಿನಲ್ಲಿ ಹತ್ತಿ ವ್ಯಾಪಾರ. ಹಳೆ ಸರ್ವರ್‌ನಲ್ಲಿರುವ ಟ್ಯಾಲಿ ಡೇಟಾ ಸಾಗಿಸುವುದು ಹೇಗೆ?

ಉತ್ತರ: ಎಲ್ಲ ಕಂಪ್ಯೂಟರ್‌ಗಳಲ್ಲೂ ಟ್ಯಾಲಿ ಮುಚ್ಚಿಸಿ. ಒಬ್ಬರು ಕಂಪನಿ ತೆರೆದಿಟ್ಟು ಊಟಕ್ಕೆ ಹೋಗಿದ್ದರೂ ನಕಲು ಕೆಡಬಹುದು. ಮೊದಲು ಟ್ಯಾಲಿಯೊಳಗಿನಿಂದಲೇ ಬ್ಯಾಕಪ್ ತೆಗೆಯಿರಿ. ಆಮೇಲೆ 10000ದಂಥ ಅಂಕಿಯ ಹೆಸರಿರುವ ಕಂಪನಿ ಫೋಲ್ಡರ್‌ಗಳನ್ನು ಹಾಗೇ ವಿಂಡೋಸ್‌ನ ನಕಲು ಕಮಾಂಡ್ ‘ರೋಬೊಕಾಪಿ’ಯಲ್ಲಿ ಸಾಗಿಸಿ. ಹೊಸ ಸರ್ವರ್‌ನಲ್ಲಿ ಅದೇ ಡ್ರೈವ್ ಅಕ್ಷರಕ್ಕೆ ಮ್ಯಾಪ್ ಮಾಡಿದರೆ ಪ್ರತಿ ಕಂಪ್ಯೂಟರ್‌ನಲ್ಲೂ ದಾರಿ ಬದಲಿಸುವ ಕೆಲಸ ತಪ್ಪುತ್ತದೆ.