18 ಮೀಟರ್ ಸೈಲೊಗೆ ಪೈಪು-ಕ್ಲ್ಯಾಂಪೋ, ಕಪ್‌ಲಾಕೋ, ರಿಂಗ್‌ಲಾಕೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ರಾಣೆಬೆನ್ನೂರಿನ ಹತ್ತಿರ ನಿಮ್ಮದು ಮೆಕ್ಕೆಜೋಳದಿಂದ ಪಶು ಆಹಾರ ಮಾಡುವ ಸಣ್ಣ ಕಾರ್ಖಾನೆ. ಅಲ್ಲಿ 18 ಮೀಟರ್ ಎತ್ತರ, 6 ಮೀಟರ್ ಅಗಲದ, ಕಾಳು ತುಂಬಿಡುವ ದುಂಡನೆಯ ತಗಡಿನ ಸೈಲೊಗೆ ತುಕ್ಕು ಹಿಡಿದಿದೆ. ಕೆಲವು ತಗಡು ಬದಲಿಸಿ, ಪೂರ್ತಿ ಬಣ್ಣ ಹೊಡೆಸಬೇಕು. ಅದಕ್ಕೆ ಜನ ನಿಂತು ಕೆಲಸ ಮಾಡಲು ಸುತ್ತ ಪೈಪಿನ ಸಾರವೆ ಕಟ್ಟಿಸಬೇಕು. ಒಬ್ಬ ಗುತ್ತಿಗೆದಾರ ಪೈಪು-ಕ್ಲ್ಯಾಂಪ್ ಸಾಕು ಅಂತಾನೆ, ಇನ್ನೊಬ್ಬ ಕಪ್‌ಲಾಕ್ ಅಂತಾನೆ, ಮೂರನೆಯವನು ರಿಂಗ್‌ಲಾಕೇ ಬೇಕು ಅಂದು ಬಾಡಿಗೆ ಜಾಸ್ತಿ ಹೇಳಿದ್ದಾನೆ. ಯಾರ ಮಾತು ಕೇಳಲಿ ಅಂತ ಬರೆದಿದ್ದೀರಿ.

ನಾನು ಧಾರವಾಡದವನು. ಸಾರವೆ ಕಟ್ಟುವ ಗ್ಯಾಂಗಿಗೆ ಹೆಲ್ಪರ್ ಆಗಿ ಸೇರಿದವನು, ಈಗ ಅದೇ ಕೆಲಸದ ಸೂಪರ್‌ವೈಸರ್. ನಮ್ಮ ಕಡೆಯ ಬೇಲೂರು, ತಾರಿಹಾಳ ಕೈಗಾರಿಕಾ ಪ್ರದೇಶದ ಶೆಡ್ಡುಗಳಿಂದ ಹಿಡಿದು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಹೊಟ್ಟೆಯೊಳಗಿನವರೆಗೂ ಈ ಮೂರೂ ಬಗೆಯ ಸಾಮಾನು ಎತ್ತಿ ಕಟ್ಟಿದ್ದೇನೆ. ನಿಮ್ಮ ಕೆಲಸಕ್ಕೆ ನನ್ನ ಉತ್ತರ ಇಷ್ಟು: ಸೈಲೊದ ಸುತ್ತ ಜಾಗ ಬಯಲಾಗಿದ್ದರೆ ಒಳ್ಳೆಯ ಕಪ್‌ಲಾಕ್ ಸಾಕು. ಎಲಿವೇಟರ್, ಏಣಿ, ಕನ್ವೇಯರ್ ಸೇತುವೆ ಅಡ್ಡ ಬರುತ್ತಿದ್ದರೆ ರಿಂಗ್‌ಲಾಕ್‌ಗೆ ಹೆಚ್ಚು ಬಾಡಿಗೆ ಕೊಡಿ. ಬರೀ ಪೈಪು-ಕ್ಲ್ಯಾಂಪಿನಲ್ಲಿ 18 ಮೀಟರ್ ಎಬ್ಬಿಸಲು ಮಾತ್ರ ಒಪ್ಪಬೇಡಿ. ಕಾರಣ ಹೇಳುತ್ತೇನೆ.

ಮೂರರ ಪೈಪೂ ಸಾಮಾನ್ಯವಾಗಿ ಒಂದೇ ಅಳತೆ, ಹೊರಗಿನ ವ್ಯಾಸ 48.3 ಮಿಮೀ. ಫರಕು ಇರುವುದು ಪೈಪಿಗೆ ಪೈಪು ಸೇರುವ ಗಂಟಿನಲ್ಲಿ. ನಮ್ಮಜ್ಜ ಗೌಂಡಿ. ಗಳ ನಿಲ್ಲಿಸಿ ಹಗ್ಗ ಬಿಗಿದು ಕಟ್ಟುತ್ತಿದ್ದ ಕಾಲದವನು. ಹಗ್ಗ ಹೋಗಿ ಕಬ್ಬಿಣದ ಕ್ಲ್ಯಾಂಪ್ ಬಂದದ್ದು ಇಂಗ್ಲೆಂಡಿನಿಂದ. 1913ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಕೆಲಸದಲ್ಲಿ ಡೇನಿಯಲ್ ಪಾಮರ್-ಜೋನ್ಸ್ ಅವರ ಕ್ಲ್ಯಾಂಪು ಬಳಸಿದ ಮೇಲೆ ಅದಕ್ಕೆ ಹೆಸರು ಬಂತು. ಕ್ಲ್ಯಾಂಪು ಯಾವ ಮೂಲೆಗೂ ಒಗ್ಗುತ್ತೆ, ಅದರ ಗುಣ ಅದು. ಆದರೆ ಅದರ ಬಲ ಪೂರ್ತಿ ನಟ್ಟಿನ ಬಿಗಿಯ ಮೇಲೆ ನಿಂತಿದೆ. ಸಾಮಾನ್ಯವಾಗಿ 50 ನ್ಯೂಟನ್ ಮೀಟರ್ ಬಿಗಿ ಬೇಕು ಅಂತಾರೆ. ಅಂದರೆ ಒಂಬತ್ತು ಇಂಚಿನ ಪಾನಾ ತುದಿಗೆ ಸುಮಾರು 22 ಕೆಜಿ ಭಾರ ಹಾಕಿ ಎಳೆದಷ್ಟು. ಬೆಳಿಗ್ಗೆ ಎಂಟಕ್ಕೆ ಬಂದ ಹುಡುಗ ಅಷ್ಟು ಬಿಗಿ ಕೊಡ್ತಾನೆ. ಮಧ್ಯಾಹ್ನ ಮೂರಕ್ಕೆ, ಪೈಪು ಮುಟ್ಟಿದರೆ ಕೈ ಸುಡುವ ಬಿಸಿಲಲ್ಲಿ, ಇನ್ನೂರನೇ ನಟ್ಟಿಗೂ ಅಷ್ಟೇ ಬಿಗಿ ಕೊಟ್ಟನೇ? ಕೆಳಗೆ ನಿಂತ ನನಗೆ ಗೊತ್ತಾಗುವುದಿಲ್ಲ. ಬಿಗಿದ ನಟ್ಟೂ ಸಡಿಲ ನಟ್ಟೂ ನೋಡಲು ಒಂದೇ ಥರ. ನನ್ನ ತಕರಾರು ಇರುವುದು ಇಲ್ಲೇ.

ಕಪ್‌ಲಾಕ್‌ನಲ್ಲಿ ಹಾಗಲ್ಲ. ನಿಲ್ಲುವ ಪೈಪಿಗೆ, ಅಂದರೆ ವರ್ಟಿಕಲ್‌ಗೆ, ಅರ್ಧ ಮೀಟರಿಗೊಂದರಂತೆ ಕೆಳಗಿನ ಕಪ್ ಬೆಸುಗೆ ಹಾಕಿರ್ತಾರೆ. ಮೇಲಿನ ಕಪ್ ಪೈಪಿನ ಮೇಲೆ ಜಾರಾಡುತ್ತೆ, ಕಳಚಿ ಬೀಳುವುದಿಲ್ಲ. ಅಡ್ಡ ಪೈಪಿನ, ಅಂದರೆ ಲೆಜರಿನ, ನಾಲಿಗೆಯನ್ನು ಕೆಳಗಿನ ಕಪ್ಪಿನಲ್ಲಿ ಕೂರಿಸಿ, ಮೇಲಿನದನ್ನು ಇಳಿಸಿ, ತಿರುಗಿಸಿ, ಸುತ್ತಿಗೆಯಿಂದ ಹೊಡೆದರೆ ಮುಗಿಯಿತು. ನಾಲ್ಕು ದಿಕ್ಕಿನ ನಾಲ್ಕು ಲೆಜರ್ ಒಂದೇ ಏಟಿಗೆ ಬಿಗಿಯುತ್ತವೆ. ಮೇಲಿನ ಕಪ್ ಇಳಿದು ಕೂತಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತೆ. ಅನುಮಾನ ಬಂದರೆ ಸುತ್ತಿಗೆಯಿಂದ ತಟ್ಟಿ ನೋಡಿ. ಕೂತಿದ್ದರೆ ಖಣ್ ಅನ್ನುತ್ತೆ, ಸಡಿಲಿದ್ದರೆ ಒಡಕು ಸದ್ದು ಬರುತ್ತೆ.

ರಿಂಗ್‌ಲಾಕ್ ಬಗೆಯದನ್ನು 1974ರಲ್ಲಿ ಜರ್ಮನಿಯ ಲೇಯರ್ ಕಂಪನಿ ಆಲ್‌ರೌಂಡ್ ಅನ್ನುವ ಹೆಸರಲ್ಲಿ ತಂದಿತು. ಇಲ್ಲೂ ಅರ್ಧ ಮೀಟರಿಗೊಂದು ಗಂಟು, ಆದರೆ ಕಪ್ಪಿನ ಬದಲು ಎಂಟು ತೂತಿನ ಒಂದು ಬಿಲ್ಲೆ. ನಾಲ್ಕು ತೂತು ಕಿರಿದು, ಅವು ಲೆಜರನ್ನು ಕಾಟಕೋನಕ್ಕೆ ಹಿಡಿಯುತ್ತವೆ. ನಾಲ್ಕು ಅಗಲ, ಅವುಗಳಲ್ಲಿ ಕೋನ ಹೊಂದಿಸಿಕೊಳ್ಳಬಹುದು. ಪ್ರತಿ ಲೆಜರಿಗೂ ಅದರದೇ ಬೆಣೆ. ಅರ್ಧ ಕೆಜಿ ಸುತ್ತಿಗೆಯಿಂದ ಬೆಣೆ ಹೊಡೆಯಬೇಕು, ಸುತ್ತಿಗೆ ಪುಟಿದು ವಾಪಸ್ ಬರುವವರೆಗೆ.

ಪ್ಲಾಂಟ್ ಕೆಲಸದಲ್ಲಿ ಈ ಬೆಣೆ ಯಾಕೆ ಮುಖ್ಯ ಅಂತ ಬಾಯ್ಲರ್ ಮನೆಯಲ್ಲಿ ದುಡಿದವರಿಗೆ ಗೊತ್ತು. ಸಾರವೆ ಕಟ್ಟಿ ಮುಗಿದ ಮೇಲೆ ಫಿಟ್ಟರ್ ಬಂದು, ‘ಅಣ್ಣಾ, ಈ ಒಂದ ಪೈಪ್ ಅಡ್ಡ ಬರಾಕತ್ತೈತಿ, ತಗದ ಕೊಡ್ರಿ’ ಅಂತಾನೆ. ಕಪ್‌ಲಾಕ್ ಆಗಿದ್ದರೆ ಆ ಒಂದು ಲೆಜರ್ ತೆಗೆಯಲು ಮೇಲಿನ ಕಪ್ ಸಡಿಲಿಸಬೇಕು, ಆಗ ಆ ಗಂಟಿನ ಉಳಿದ ಮೂರೂ ಸಡಿಲ ಆಗುತ್ತವೆ. ಜನ ಮೇಲೆ ನಿಂತಿರುವಾಗ ಅದನ್ನು ಮಾಡಲೇಬಾರದು. ರಿಂಗ್‌ಲಾಕ್‌ನಲ್ಲಿ ಉಳಿದವುಗಳ ಬಿಗಿ ಕೆಡಿಸದೆ ಒಂದನ್ನಷ್ಟೇ ಬಿಚ್ಚಿ, ಬದಲಿ ಹಾದಿ ಕೊಟ್ಟು, ಸಂಜೆಗೆ ವಾಪಸ್ ಹಾಕಬಹುದು. ಹಾಗಂತ ಫಿಟ್ಟರೇ ಬಿಚ್ಚಬಾರದು, ಕಟ್ಟಿದವನೇ ಬಿಚ್ಚಬೇಕು. ಬಿಚ್ಚಿರುವಷ್ಟು ಹೊತ್ತು ಆ ಮಹಡಿಗೆ ಯಾರನ್ನೂ ಹತ್ತಿಸಬಾರದು.

ದುಂಡನೆಯ ಸೈಲೊಗೆ ಕೋನದ ಲೆಕ್ಕವೂ ಇದೆ. ನಿಮ್ಮ 6 ಮೀಟರ್ ಸೈಲೊ ಸುತ್ತ ಒಂದಡಿ ಬಿಟ್ಟು ಚೌಕಾಕಾರ ಕಟ್ಟಿದರೆ ನಾಲ್ಕು ಮೂಲೆಯಲ್ಲಿ ಹಲಗೆಗೂ ತಗಡಿಗೂ ನಡುವೆ ಒಂದೂವರೆ ಮೀಟರಿಗಿಂತ ಹೆಚ್ಚು ಸಂದು ಬರುತ್ತೆ. ಪೇಂಟರ್ ಅಲ್ಲಿ ಬಗ್ಗಿ ಕೈ ಚಾಚುತ್ತಾನೆ, ಬೀಳುವುದು ಅಲ್ಲೇ. ಎಂಟು ಮೂಲೆ ಮಾಡಿದರೆ ಆ ಸಂದು ಅರ್ಧ ಮೀಟರಿನ ಆಸುಪಾಸಿಗೆ ಇಳಿಯುತ್ತೆ, ಅದಕ್ಕೆ ಒಳಗಿನಿಂದ ಒಂದು ಹಲಗೆ ಚಾಚಿ ಕೊಟ್ಟರೆ ಆಯಿತು. ಎಂಟು ಮೂಲೆಯನ್ನು ಕಪ್‌ಲಾಕ್‌ನಲ್ಲೂ ಕಟ್ಟಬಹುದು, ರಿಂಗ್‌ಲಾಕ್‌ನಲ್ಲಿ ಸಲೀಸು. ಗುತ್ತಿಗೆದಾರನಿಗೆ ಮೊದಲೇ ಕೇಳಿ: ‘ಮೂಲಿ ಎಷ್ಟ ಮಾಡ್ತೀರಿ?’ ನಾಲ್ಕು ಅಂದರೆ ಚೌಕಾಸಿ ಅಲ್ಲಿಂದಲೇ ಶುರು ಮಾಡಿ.

ಇನ್ನು ಸಾಮಾನಿನ ವಿಚಾರ. ನಮ್ಮ ಕಡೆ ಕಪ್‌ಲಾಕ್ ಬೇಕಾದಷ್ಟು ಸಿಗುತ್ತೆ, ಯಾಕೆಂದರೆ ಸ್ಲ್ಯಾಬಿನ ಸೆಂಟ್ರಿಂಗ್‌ಗೆ ಅದನ್ನೇ ಬಳಸ್ತಾರೆ. ಅದೇ ಸಾಮಾನು ನಿಮ್ಮ ಸೈಲೊಗೂ ಬರುತ್ತೆ. ಲಾರಿ ಇಳಿಸುವಾಗ ನೀವೇ ನಿಂತು ಕೆಳಗಿನ ಕಪ್ಪಿನೊಳಗೆ ಬೆರಳು ಹಾಕಿ ನೋಡಿ. ಸಿಮೆಂಟ್ ಗಟ್ಟಿಯಾಗಿ ಅಂಟಿದ್ದರೆ ಲೆಜರಿನ ನಾಲಿಗೆ ಪೂರ್ತಿ ಇಳಿಯುವುದಿಲ್ಲ. ಮೇಲಿನ ಕಪ್ ಬಿಗಿದ ಹಾಗೆ ಕಾಣುತ್ತೆ, ಒಳಗೆ ಹಿಡಿತ ಇರುವುದಿಲ್ಲ. ಬಾಗಿದ ವರ್ಟಿಕಲ್, ಸೀಳಿದ ಬೆಸುಗೆ, ಇವನ್ನೆಲ್ಲ ಅಲ್ಲೇ ಬದಿಗಿಡಿಸಿ. ಆಮೇಲೆ ತೂಕದ ಪರೀಕ್ಷೆ. ಹೇಗೂ ನಿಮ್ಮಲ್ಲಿ ಕಾಟಾ ಇದ್ದೇ ಇರುತ್ತೆ. ಕಪ್ ಇಲ್ಲದ ಬರೀ 3 ಮೀಟರ್ ಪೈಪು, 3.2 ಮಿಮೀ ದಪ್ಪದ್ದಾದರೆ, 10.7 ಕೆಜಿ ತೂಗಬೇಕು. ಅದೇ ಉದ್ದದ 2 ಮಿಮೀ ಪೈಪು 7 ಕೆಜಿಯೂ ತೂಗುವುದಿಲ್ಲ. ಬಣ್ಣ ಹೊಡೆದ ಮೇಲೆ ಕಣ್ಣಿಗೆ ಎರಡೂ ಒಂದೇ. ಕಾಟಾ ಮೋಸ ಹೋಗುವುದಿಲ್ಲ.

ಇಲ್ಲಿಯವರೆಗಿನದು ಬಾಡಿಗೆ ಸಾಮಾನಿನ ಮಾತು. ನನ್ನ ಅನುಭವದಲ್ಲಿ ಸಾರವೆ ಕೈಕೊಡುವುದು ಹೆಚ್ಚಾಗಿ ನೆಲದಲ್ಲಿ.

ಗದಗ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ಜೂನ್ ತಿಂಗಳಲ್ಲಿ ಕೆಲಸ ನಡೆದಿತ್ತು. ಕಬ್ಬು ಅರೆಯುವುದು ನಿಂತ ಮೇಲೆ ಈ ರಿಪೇರಿ ಹಂಗಾಮು ಶುರುವಾಗುತ್ತೆ, ಅದು ಮಳೆಗಾಲಕ್ಕೇ ಸರಿಯಾಗಿ ತಗಲುತ್ತೆ. ಟ್ಯಾಂಕಿನ ಸುತ್ತ ಕಪ್‌ಲಾಕ್ ಎಬ್ಬಿಸಿದ್ದೆವು. ಮೂರು ಬದಿ ಕಾಂಕ್ರೀಟ್, ಒಂದು ಬದಿ ಎರಿ ಮಣ್ಣು. ಬೇಸಿಗೆಯಲ್ಲಿ ಆ ಮಣ್ಣು ಕಲ್ಲಿನಂತಿತ್ತು, ಸಣ್ಣ ತಗಡಿನ ತುಂಡಿನ ಮೇಲೆ ಜಾಕಿ, ಅಂದರೆ ಸಾರವೆಯ ಕಾಲಿನ ಬುಡಕ್ಕೆ ಕೊಡುವ ತಿರುಪು, ಇಟ್ಟು ಮುಂದೆ ಹೋದೆವು. ರಾತ್ರಿ ಮಳೆ ಹೊಡೆಯಿತು. ಬೆಳಿಗ್ಗೆ ಹತ್ತುವ ಮೊದಲು ನಮ್ಮ ಹೆಲ್ಪರ್ ಹುಡುಗ ಜಾಕಿಯ ನಟ್ ಹಿಡಿದು, ‘ಅಣ್ಣಾ, ಇದು ಕೈಯಾಗ ತಿರಗಾಕತ್ತೈತಿ ನೋಡ್ರಿ’ ಅಂದ. ಹೋಗಿ ನೋಡಿದೆ, ಎರಡು ಬೆರಳಿಗೇ ತಿರುಗುತ್ತಿತ್ತು. ಮೇಲೆ ನಾಲ್ಕು ಮಹಡಿ ಹಲಗೆ ಇದ್ದ ಕಾಲಿನ ನಟ್ ಕೈಯಿಂದ ತಿರುಗುತ್ತೆ ಅಂದರೆ ಆ ಕಾಲು ನೆಲದ ಮೇಲೆ ಭಾರ ಹಾಕಿಯೇ ಇಲ್ಲ. ಕೆಳಗಿನ ಮಣ್ಣು ಕುಸಿದಿತ್ತು, ಕಾಲು ಅಕ್ಕಪಕ್ಕದ ಗಂಟುಗಳಿಗೆ ಜೋತು ಬಿದ್ದಿತ್ತು. ಅದರ ಭಾರವನ್ನೆಲ್ಲ ಪಕ್ಕದ ಎರಡು ಕಾಲು ಹೊತ್ತಿದ್ದವು. ಆ ದಿನ ಯಾರೂ ಹತ್ತಲಿಲ್ಲ. ಮೇಲಿನ ಸಾಮಾನು ಇಳಿಸಿ, ಜಾಕಿಗಳ ಕೆಳಗೆ ಎರಡೆರಡು ಕಾಲಿಗೆ ಸೇರಿ ಒಂದೊಂದು ದಪ್ಪ ಮರದ ಸ್ಲೀಪರ್ ಹಾಕಿ, ನೀರು ಹೋಗಲು ಸಣ್ಣ ಕಾಲುವೆ ತೋಡಿದ ಮೇಲೆ ಮರುದಿನ ಕೆಲಸ. ತಪ್ಪು ನಮ್ಮದೇ. ಬೇಸಿಗೆಯ ಎರಿ ಮಣ್ಣನ್ನು ನೋಡಿ ಮಳೆಗಾಲದ್ದನ್ನು ನಂಬಿದ್ದೆವು.

ಅಂದಿನಿಂದ ನನ್ನ ಗ್ಯಾಂಗಿನಲ್ಲಿ ಬೆಳಿಗ್ಗೆ ಮೊದಲ ಕೆಲಸ ಅದೇ. ಪ್ರತಿ ಜಾಕಿಯ ನಟ್ಟನ್ನು ಕೈಯಿಂದ ತಿರುಗಿಸಲು ನೋಡುವುದು. ತಿರುಗಬಾರದು. 18 ಮೀಟರಿನ ಸಾರವೆಗೂ ಇದಕ್ಕೆ ಐದು ನಿಮಿಷ ಹಿಡಿಯುವುದಿಲ್ಲ. ಜಾಕಿಯ ತಿರುಪನ್ನು ಒಂದು ಅಡಿಗಿಂತ ಹೆಚ್ಚು ಹೊರಗೆ ಎಳೆಯಲೂ ನಾನು ಬಿಡುವುದಿಲ್ಲ. ನೆಲ ಅಷ್ಟು ತಗ್ಗಿದ್ದರೆ ನೆಲವನ್ನೇ ಸಮ ಮಾಡಿಸುತ್ತೇನೆ.

ನೆಲ ಆಯಿತು, ಇನ್ನು ಗಾಳಿ. ನಿಮ್ಮ ಕೆಲಸ ಆಷಾಢಕ್ಕೆ ಬಿದ್ದರೆ ಇದನ್ನು ಎರಡು ಸಲ ಓದಿ. ಎಲ್ಲೂ ಕಟ್ಟದೆ ಸ್ವತಂತ್ರ ನಿಂತ ಸಾರವೆ ತಳದ ಅಗಲದ ನಾಲ್ಕು ಪಟ್ಟು ಎತ್ತರಕ್ಕಿಂತ ಮೇಲೆ ಹೋದರೆ ಅದನ್ನು ಯಾವುದಾದರೂ ಗಟ್ಟಿ ಆಸರೆಗೆ ಕಟ್ಟಲೇಬೇಕು ಅನ್ನುತ್ತೆ ಅಮೆರಿಕದ ಕೆಲಸದ ಸುರಕ್ಷತೆಯ ಸಂಸ್ಥೆ ಒಶಾದ ನಿಯಮ. ಸೈಲೊದ ಒಂದೇ ಬದಿಗೆ 1.2 ಮೀಟರ್ ಅಗಲದ ಸಾರವೆ ನಿಲ್ಲಿಸಿದರೆ 18 ಮೀಟರ್ ಅಂದರೆ 15 ಪಟ್ಟು. ಸೈಲೊದ ತೆಳು ತಗಡಿಗೆ ಆಂಕರ್ ಹೊಡೆಯಲು ಬರುವುದಿಲ್ಲ. ಅದಕ್ಕೇ ಸುತ್ತಲೂ ಬಳೆಯಂತೆ ಕಟ್ಟಿ, ನಾಲ್ಕೂ ದಿಕ್ಕಿನಿಂದ ಒಳಗಿನ ಪೈಪುಗಳು ಸೈಲೊಗೆ ಒತ್ತಿ ನಿಲ್ಲುವ ಹಾಗೆ ಮಾಡಬೇಕು. ಆ ಒತ್ತು ತಗಡಿನ ಮೇಲೆ ಬೀಳಬಾರದು, ಸೈಲೊದ ನಿಲುವು ಪಟ್ಟಿಗಳ ಮೇಲೆ ಬೀಳಬೇಕು. ನಡುವೆ ರಬ್ಬರ್ ಇಲ್ಲವೇ ಮರದ ತುಂಡು ಕೊಡಿಸಿ. ಇಂಥ ಕಡೆ ಕ್ಲ್ಯಾಂಪು ಬೇಕೇ ಬೇಕು. ನಾನು ಬೇಡ ಅಂದದ್ದು ಇಡೀ ಸಾರವೆ ಕ್ಲ್ಯಾಂಪಿನ ಮೇಲೆ ನಿಲ್ಲುವುದನ್ನು. ಓರೆ ಪೈಪನ್ನೂ ಕೆಳಗಿನಿಂದ ಮೇಲಿನವರೆಗೆ ಬಿಡದೆ ಹಾಕಿಸಿ; ಅದಿಲ್ಲದೆ ಗಂಟು ಎಷ್ಟು ಬಿಗಿ ಇದ್ದರೂ ಸಾರವೆ ಪಕ್ಕಕ್ಕೆ ವಾಲುತ್ತೆ.

ಬಣ್ಣ ಸಿಡಿಯಬಾರದು ಅಂತ ಯಾರಾದರೂ ತಾಡಪಾಲು ಕಟ್ಟಲು ಬಂದರೆ ತಡೆಯಿರಿ. ಗಂಟೆಗೆ 54 ಕಿಮೀ ಗಾಳಿ, ಅಂದರೆ ಸೆಕೆಂಡಿಗೆ 15 ಮೀಟರ್, ಚದರ ಮೀಟರಿಗೆ 135 ನ್ಯೂಟನ್ ಒತ್ತಡ ಹಾಕುತ್ತೆ. 4 ಮೀಟರಿಗೆ 5 ಮೀಟರಿನ ಒಂದೇ ಒಂದು ತಾಡಪಾಲಿನ ಮೇಲೆ ಅದು ಸುಮಾರು 275 ಕೆಜಿ ಅಡ್ಡಕ್ಕೆ ತಳ್ಳಿದಂತೆ. ಗಾಳಿಯ ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟಾಗುತ್ತೆ. ಹೊದಿಕೆ ಬೇಕೇ ಬೇಕು ಅಂದರೆ ಕಟ್ಟುವ ಮೊದಲೇ ಹೇಳಿ, ಅದನ್ನು ಲೆಕ್ಕಕ್ಕೆ ಹಿಡಿದು ಎಂಜಿನಿಯರ್ ನಕ್ಷೆ ಕೊಡಲಿ.

ಬೀಳದಂತೆ ಅಂಚಿಗೆ ಕೊಡುವ ತಡೆಗಂಬಿಯ ವಿಷಯದಲ್ಲಿ ಮಾಡ್ಯುಲರ್ ಸಾಮಾನು, ಅಂದರೆ ಕಪ್‌ಲಾಕ್, ರಿಂಗ್‌ಲಾಕ್, ನಿಮಗೆ ಉಪಕಾರ ಮಾಡುತ್ತೆ. ಗಂಟು ಅರ್ಧ ಮೀಟರಿಗೊಂದು ಇರುವುದರಿಂದ ಹಲಗೆಯ ಮೇಲೆ ಅರ್ಧ ಮೀಟರಿಗೆ ನಡುಗಂಬಿ, ಒಂದು ಮೀಟರಿಗೆ ಮೇಲುಗಂಬಿ ತಾನಾಗಿ ಸಿಗುತ್ತೆ. ಕೆಳಗೆ ಹಲಗೆಯ ಅಂಚಿಗೆ 150 ಮಿಮೀ ಎತ್ತರದ ಅಡ್ಡಪಟ್ಟಿ, ಅಂದರೆ ಕಾಲುಹಲಗೆ, ಕೇಳಿ ಹಾಕಿಸಿಕೊಳ್ಳಿ, ಬಹಳ ಕಡೆ ಬಿಟ್ಟುಬಿಡ್ತಾರೆ. ಮೇಲಿಂದ ಜಾರಿದ ಒಂದು ಪಾನಾ ಕೆಳಗೆ ಚೀಲ ಹೊರುವವನ ತಲೆ ಮೇಲೆ ಬೀಳುವುದು ಅದಿಲ್ಲದ್ದಕ್ಕೇ. ಸಾರವೆಗಳ ಸುರಕ್ಷತೆಗೆ ನಮ್ಮಲ್ಲಿ ಭಾರತೀಯ ಮಾನಕ, ಅಂದರೆ ಐಎಸ್, 3696ರ ಮೊದಲ ಭಾಗ ಇದೆ, 1987ರದ್ದು. ‘ಅದರ ಪ್ರಕಾರ’ ಅಂತ ಕರಾರಿನಲ್ಲಿ ಒಂದು ಸಾಲು ಬರೆಸಿ.

ನೀವು ಕೇಳದಿದ್ದರೂ ಎರಡು ಮಾತು ಹೇಳಲೇಬೇಕು. ಕಾರ್ಖಾನೆ ಅಂಗಳದಲ್ಲಿ 11 ಸಾವಿರ ವೋಲ್ಟಿನ ತಂತಿ ಇದ್ದರೆ ಮೊದಲು ಲೈನ್ ಬಂದ್ ಮಾಡಿಸುವ ವ್ಯವಸ್ಥೆ ಆಗಲಿ. 6 ಮೀಟರಿನ ಪೈಪು ಎತ್ತಿ ನಿಲ್ಲಿಸುವಾಗ ತುದಿ ಎಲ್ಲಿಗೆ ಹೋಯಿತು ಅಂತ ಬುಡ ಹಿಡಿದವನಿಗೆ ಕಾಣುವುದಿಲ್ಲ. ಮಾಡ್ಯುಲರ್‌ನ ಉದ್ದನೆಯ ವರ್ಟಿಕಲ್ ಸಾಮಾನ್ಯವಾಗಿ 3 ಮೀಟರ್, ಅಷ್ಟರ ಮಟ್ಟಿಗೆ ಅಪಾಯ ಕಡಿಮೆ, ಇಲ್ಲವೆಂದಲ್ಲ. ಎರಡನೆಯದು, ತಗಡು ಕತ್ತರಿಸಲು ಗ್ರೈಂಡರ್, ವೆಲ್ಡಿಂಗ್ ಬರುತ್ತೆ. ಮೆಕ್ಕೆಜೋಳದ ಧೂಳು ಗಾಳಿಯಲ್ಲಿ ಎದ್ದಾಗ ಕಿಡಿ ಬಿದ್ದರೆ ಸ್ಫೋಟ ಆಗುತ್ತೆ. ಸೈಲೊ ಖಾಲಿ ಮಾಡಿ, ಒಳಗಿನ ಧೂಳು ತೆಗೆಸಿ, ಪರ್ಮಿಟ್ ಬರೆದ ಮೇಲಷ್ಟೇ ಕಿಡಿ ಹಾರುವ ಕೆಲಸ.

ಕಟ್ಟಿ ಮುಗಿದ ಮೇಲೆ ಏಣಿಯ ಬುಡದಲ್ಲಿ ಹಸಿರು ಚೀಟಿ ಹಾಕಿಸಿ: ಯಾರು ನೋಡಿದರು, ಯಾವತ್ತು, ಒಂದು ಅಂಕಣಕ್ಕೆ ಎಷ್ಟು ಭಾರ. ಚೀಟಿ ಇಲ್ಲದಿದ್ದರೆ, ಇಲ್ಲವೇ ಕೆಂಪು ಇದ್ದರೆ, ಮಾಲೀಕರಾದ ನೀವೂ ಹತ್ತಬೇಡಿ. ಏಳು ದಿನಕ್ಕೊಮ್ಮೆ ಮತ್ತೆ ನೋಡಿಸಿ, ಮಳೆ-ಗಾಳಿ ಹೊಡೆದ ಮರುದಿನ ತಪ್ಪದೆ ನೋಡಿಸಿ.

ಬಾಡಿಗೆ ದಿನದ ಲೆಕ್ಕವಾದ್ದರಿಂದ ಕೆಲಸ ಮುಗಿದ ಸಂಜೆಯಿಂದಲೇ ಬಿಚ್ಚುವ ಅವಸರ ಶುರುವಾಗುತ್ತೆ. ಸೈಲೊಗೆ ಒತ್ತಿ ನಿಂತ ಪೈಪುಗಳನ್ನು ಎಲ್ಲ ಕಡೆ ಮೊದಲೇ ಬಿಚ್ಚಿಟ್ಟುಕೊಳ್ಳಲು ಬಿಡಬೇಡಿ; ಮೇಲಿನಿಂದ ಇಳಿಯುತ್ತಾ ಆಯಾ ಮಹಡಿ ಬಂದಾಗಲೇ ಆಯಾ ಒತ್ತು ತೆಗೆಯಬೇಕು. ಸಾಮಾನನ್ನು ಹಗ್ಗಕ್ಕೆ ಕಟ್ಟಿ ಇಳಿಸಲಿ, ಎಸೆಯುವುದು ಬೇಡ. ಕಟ್ಟುವ ದಿನ ಅಥವಾ ಬಿಚ್ಚುವ ದಿನ, ಎರಡರಲ್ಲಿ ಒಂದು ದಿನ ಮಾತ್ರ ನಿಮಗೆ ಅಲ್ಲಿ ನಿಲ್ಲಲು ಬಿಡುವಿದೆ ಅಂದರೆ ಬಿಚ್ಚುವ ದಿನ ನಿಲ್ಲಿರಿ. ಅವತ್ತು ಲಾರಿ ಗೇಟಿನಲ್ಲಿ ಕಾಯ್ತಾ ಇರುತ್ತೆ, ಎಲ್ಲರ ಕಣ್ಣು ಲಾರಿ ಮೇಲೆಯೇ ಇರುತ್ತೆ.